ಹೊಟ್ಟೆಯೊಳಗೆ ಬಿಟ್ಟ ಬಟ್ಟೆ: ರಕ್ತ ನಿಲ್ಲಿಸುವ ಪ್ಯಾಚ್‌ಗಳ ಕತೆ

ಈ ಸಲದ ಮಾತಿಗೆ ಕಾರಣ ನಮ್ಮ ಅಪ್ಪಯ್ಯನ ಒಂದು ಸಿಟಿ ಸ್ಕ್ಯಾನ್ ರಿಪೋರ್ಟು. ಗೋರೆಗಾಂವ್ ಕಡೆಯ ಒಂದು ಆಸ್ಪತ್ರೆಯಲ್ಲಿ ಅವರ ಪಿತ್ತಕೋಶ ತೆಗೆದಿದ್ದರು. ಮನೆಗೆ ಬಂದು ಹತ್ತು ದಿನಕ್ಕೆ ಜ್ವರ ಬಂತು. ಬೇರೆ ಕಡೆ ಸ್ಕ್ಯಾನ್ ಮಾಡಿಸಿದಾಗ, ಪಿತ್ತಕೋಶ ಇದ್ದ ಜಾಗದಲ್ಲಿ ಒಂದು ಗಂಟು ಇದೆ, ಅದರೊಳಗೆ ಗಾಳಿಯ ಸಣ್ಣ ಗುಳ್ಳೆಗಳಿವೆ, ಕೀವುಗಟ್ಟಿರಬಹುದು ಅಂತ ಬರೆದಿದ್ದರು. ಕೀವು ಅಂದ್ರೆ ಮತ್ತೆ ಸೂಜಿ ಚುಚ್ಚಬೇಕು, ಇಲ್ಲ ಮತ್ತೆ ಹೊಟ್ಟೆ ಕೊಯ್ಯಬೇಕು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ.

ಬೆಳಿಗ್ಗೆ ಆಪರೇಷನ್ ಮಾಡಿದ ಸರ್ಜನ್ ಫೋನಿಗೆ ಸಿಕ್ಕರು. ರಿಪೋರ್ಟ್ ಓದಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಅದು ಕೀವಲ್ಲ ಅನ್ಸುತ್ತೆ. ಲಿವರ್ ಮೇಲೆ ರಕ್ತ ಜಿನುಗ್ತಾ ಇತ್ತು, ನಿಲ್ಲಿಸೋಕೆ ಒಂದು ಪ್ಯಾಚ್ ಇಟ್ಟಿದ್ವಿ" ಅಂದರು. ಡಿಸ್ಚಾರ್ಜ್ ಕಾಗದದಲ್ಲಿ ಪ್ಯಾಚ್ ಅನ್ನೋ ಪದವೇ ಇರಲಿಲ್ಲ. ನಾನು ಸಾಫ್ಟ್‌ವೇರ್‌ನವನು. ಯಾರೋ ಅವಸರದಲ್ಲಿ ಪ್ಯಾಚ್ ಹಾಕಿ, ಒಂದು ಸಾಲು ಕಾಮೆಂಟ್ ಬರೆಯದೆ ಹೋಗೋದು ನನಗೆ ಹೊಸದಲ್ಲ. ಆದರೆ ಇಲ್ಲಿ ಸರ್ವರ್ ಅಂದ್ರೆ ನಮ್ಮ ಅಪ್ಪ.

ಅಪ್ಪಯ್ಯನಿಗೆ ವಿಷಯ ಹೇಳಿದರೆ, "ಹೊಟ್ಟಿ ಒಳ್ಗೆ ಎಂತ ಬಿಟ್ಟಿದ್ರ್ ಮಗಾ?" ಅಂತ ಕೇಳಿದರು. ಅದಕ್ಕೆ ಸರಿಯಾದ ಉತ್ತರ ಕೊಡೋಕೆ ಹೋಗಿ ನಾನು ಹಳೆಯ ಸರ್ಜರಿ ಚರಿತ್ರೆಯೊಳಗೆ ಬಿದ್ದೆ.

ರಕ್ತ ನಿಲ್ಲಿಸೋ ಉಪಾಯಗಳು ಹಳೆಯವು. ಸುಶ್ರುತ ಸಂಹಿತೆಯಲ್ಲಿ ನಾಲ್ಕು ದಾರಿಗಳಿವೆ: ಸಂಧಾನ, ಸ್ಕಂದನ, ಪಾಚನ, ದಹನ. ಒಗರು ವಸ್ತುಗಳಿಂದ ಗಾಯ ಕೂಡಿಸುವುದು, ತಂಪಿನಿಂದ ರಕ್ತ ಗಟ್ಟಿ ಮಾಡುವುದು, ಬೂದಿ ಹಾಕುವುದು, ಕೊನೆಗೆ ಸುಡುವುದು. ನಮ್ಮ ಅಜ್ಜಿಯಂದಿರ ಅರಿಶಿನ, ಕಾಫಿಪುಡಿ ಇವುಗಳ ದೂರದ ನೆಂಟರು. ಇವೆಲ್ಲ ಹೊರಗಿನ ಗಾಯದ ಮಾತು, ಹಾಕಿದ್ದನ್ನ ಆಮೇಲೆ ತೊಳೆಯಬಹುದು. ಒಳಗೆ ಇಟ್ಟು, ಹೊಲಿಗೆ ಹಾಕಿ ಮುಚ್ಚಿಬಿಟ್ಟರೆ? ಅದನ್ನ ತೊಳೆಯೋರು ಯಾರು?

1892ರಲ್ಲಿ ಲಂಡನ್ನಿನ ಸರ್ಜನ್ ವಿಕ್ಟರ್ ಹಾರ್ಸ್ಲಿ ತಲೆಬುರುಡೆಯ ಮೂಳೆಯಿಂದ ಒಸರುವ ರಕ್ತಕ್ಕೆ ಜೇನುಮೇಣ, ಬಾದಾಮಿ ಎಣ್ಣೆ, ಸ್ವಲ್ಪ ಸ್ಯಾಲಿಸಿಲಿಕ್ ಆಮ್ಲ ಸೇರಿಸಿದ ಮೇಣ ಮೆತ್ತಿದ. ಗೋಡೆಯ ತೂತಿಗೆ ಪುಟ್ಟಿ ತುಂಬಿದ ಹಾಗೆ. ರಕ್ತ ನಿಂತಿತು. ಆದರೆ ದೇಹಕ್ಕೆ ಮೇಣ ಕರಗಿಸೋಕೆ ಬರಲ್ಲ. ವರ್ಷಗಟ್ಟಲೆ ಹಾಗೇ ಉಳಿಯುತ್ತೆ, ಮೂಳೆ ಕೂಡಿಕೊಳ್ಳೋದಕ್ಕೆ ಅಡ್ಡಿ ಮಾಡುತ್ತೆ.

ದೇಹ ಮಾಡೋ ಕೆಲಸ ಏನು ಅಂತ ಗೊತ್ತಾಗಲು ಅದಕ್ಕಿಂತ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ ನೋಡಿದ. ಮರುದಿನ ಆ ಮುಳ್ಳಿನ ಸುತ್ತ ಓಡಾಡುವ ಕಣಗಳು ಮುತ್ತಿಕೊಂಡಿದ್ದವು. ನಮ್ಮೊಳಗೂ ಇದೇ ನಡೆಯೋದು. ಪರಕೀಯ ವಸ್ತು ಬಂದರೆ ಮ್ಯಾಕ್ರೊಫೇಜ್ ಅನ್ನೋ ಕಣಗಳು ಬಂದು ನುಂಗೋಕೆ ನೋಡ್ತವೆ. ವಸ್ತು ದೊಡ್ಡದಿದ್ದರೆ ಹಲವು ಕಣಗಳು ಬೆಸೆದುಕೊಂಡು ದೈತ್ಯಕಣ ಆಗ್ತವೆ. ಅದಕ್ಕೂ ಬಗ್ಗದಿದ್ದರೆ ಸುತ್ತ ನಾರಿನ ಗೋಡೆ ಕಟ್ಟಿ ಆ ವಸ್ತುವನ್ನ ಬೇರೆ ಇಟ್ಟುಬಿಡ್ತವೆ. ಆ ಗೋಡೆಯೇ ಸ್ಕ್ಯಾನ್‌ನಲ್ಲಿ ಗಂಟಾಗಿ ಕಾಣಬಹುದು.

ಅಂದ್ರೆ ಬೇಕಾಗಿದ್ದದ್ದು ರಕ್ತ ನಿಲ್ಲಿಸಿ, ಆಮೇಲೆ ತಾನೂ ಕರಗಿಹೋಗುವ ವಸ್ತು. ಅದು ಬಂದ ದಾರಿ ನೋಡಿ, ಮಜಾ ಇದೆ. 1942ರಲ್ಲಿ ಫೋಟೊ ಫಿಲ್ಮ್ ಮಾಡುವ ಕೊಡಾಕ್ ಕಂಪನಿಯ ಇಬ್ಬರು ರಸಾಯನಶಾಸ್ತ್ರಜ್ಞರು, ಯಾಕೆಲ್ ಮತ್ತು ಕೆನ್ಯನ್, ಹತ್ತಿಯ ಮೂಲವಸ್ತುವಾದ ಸೆಲ್ಯುಲೋಸನ್ನ ನೈಟ್ರೋಜನ್ ಡೈಆಕ್ಸೈಡಿನಿಂದ ಉತ್ಕರ್ಷಿಸಿದ್ದನ್ನ ಪ್ರಕಟಿಸಿದರು. ನೋಡೋಕೆ ಮಾಮೂಲಿ ಗಾಜ್ ಬಟ್ಟೆ, ಆದರೆ ಕ್ಷಾರದಲ್ಲಿ ಕರಗುತ್ತೆ. ಮರುವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವರ್ಜೀನಿಯಾ ಫ್ರಾಂಟ್ಸ್ ಅದನ್ನ ಪ್ರಾಣಿಗಳ ದೇಹದೊಳಗೆ ಇಟ್ಟು, ಅದು ಹೀರಿಹೋಗುವುದನ್ನ ತೋರಿಸಿದರು. ಆಕೆ ಸರ್ಜರಿ ಕಲಿತು ಪೆಥಾಲಜಿಗೆ ಬಂದವರು. ರಕ್ತ ನಿಂತ ಕ್ಷಣದಲ್ಲಿ ಸರ್ಜನ್‌ನ ಗಮನ ಮುಗಿಯುತ್ತೆ, ವಾರಗಳ ನಂತರ ಆ ಜಾಗ ಹೇಗಿದೆ ಅಂತ ನೋಡೋದು ಪೆಥಾಲಜಿಸ್ಟ್. ಈ ವಿಷಯಕ್ಕೆ ಎರಡೂ ಕಣ್ಣು ಬೇಕಿತ್ತು ಅಂತ ನನ್ನ ಅಭಿಪ್ರಾಯ. 1945ರ ಹೊತ್ತಿಗೆ ಜಿಲೆಟಿನ್ ಸ್ಪಂಜೂ ಬಂತು. ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ಆಬ್‌ಜೆಲ್ ಅಂತ ಕರೆಯೋದು ಇದೇ ಜಾತಿಯದನ್ನ.

ಸೆಲ್ಯುಲೋಸ್ ಪ್ಯಾಚ್ ಕೆಲಸ ಮಾಡೋ ರೀತಿ ಸ್ವಲ್ಪ ವಿಚಿತ್ರ. ನಮ್ಮ ರಕ್ತ ಹೆಪ್ಪುಗಟ್ಟೋದು ಸರಪಳಿಯ ಹಾಗೆ: ಪ್ಲೇಟ್‌ಲೆಟ್‌ಗಳು ಅಂಟಿಕೊಳ್ತವೆ, ಥ್ರಾಂಬಿನ್ ಹುಟ್ಟುತ್ತೆ, ಅದು ಫೈಬ್ರಿನ್ ಎಳೆಗಳನ್ನ ನೇಯುತ್ತೆ. ಈ ಬಟ್ಟೆ ಸರಪಳಿಯನ್ನ ಮುಟ್ಟೋದೇ ಕಡಿಮೆ. ಅದು ಹುಳಿ. ಹಾಲಿಗೆ ನಿಂಬೆರಸ ಹಿಂಡಿದ ಹಾಗೆ ರಕ್ತದ ಪ್ರೋಟೀನನ್ನ ಒಡೆದು, ಕಂದುಕಪ್ಪು ಅಂಟು ಮಾಡಿ, ಉಬ್ಬಿಕೊಂಡು ಒತ್ತಿ ಕೂರುತ್ತೆ. ಆ ಹುಳಿಯಲ್ಲಿ ಬ್ಯಾಕ್ಟೀರಿಯಾಕ್ಕೂ ಬದುಕೋದು ಕಷ್ಟ. ಆದರೆ ಥ್ರಾಂಬಿನ್ ಕೂಡ ಕೆಟ್ಟುಹೋಗುತ್ತೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬಳಸೋ ಹಾಗಿಲ್ಲ. ತೆಳುವಾಗಿ ಇಟ್ಟರೆ ಒಂದೆರಡು ವಾರದಲ್ಲಿ ಕರಗಬಹುದು. ಮಡಿಚಿ ಮಡಿಚಿ ತುಂಬಿದರೆ ತಿಂಗಳುಗಟ್ಟಲೆ ಉಳಿಯಬಹುದು. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಆ ಗುಳ್ಳೆ. ರೇಡಿಯಾಲಜಿಸ್ಟ್ ಅದನ್ನ ಕೀವು ಅಂದುಕೊಂಡರೆ ಅವರದೇನೂ ತಪ್ಪಿಲ್ಲ, ಪ್ಯಾಚ್ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲವಲ್ಲ. ಉಬ್ಬೋ ಗುಣ ಕೆಲವು ಕಡೆ ಅಪಾಯವೂ ಹೌದು. ಬೆನ್ನುಹುರಿಯ ಹತ್ತಿರ ಬಿಟ್ಟ ಪ್ಯಾಚ್ ಉಬ್ಬಿ ಹುರಿಯನ್ನೇ ಒತ್ತಿ, ಕಾಲಿನ ಬಲ ಹೋದ ಪ್ರಕರಣಗಳು ವೈದ್ಯ ಪತ್ರಿಕೆಗಳಲ್ಲಿವೆ. ಅಂಥ ಕಡೆ ರಕ್ತ ನಿಂತ ಮೇಲೆ ಅದನ್ನ ತೆಗೆದುಬಿಡಬೇಕು ಅನ್ನೋದು ನಿಯಮ.

ಇನ್ನೊಂದು ಥರದ ಪ್ರತಿಕ್ರಿಯೆ ಇದೆ, ಅದು ಗುರುತಿನ ವಿಷಯ. ಇದಕ್ಕೆ ನಮ್ಮ ಮುಂಬಯಿಯದ್ದೇ ಉದಾಹರಣೆ ಇದೆ. 1952ರಲ್ಲಿ ಇಲ್ಲಿನ ವೈದ್ಯ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹೊಸದೊಂದು ರಕ್ತಗುಣದ ಬಗ್ಗೆ ಬರೆದರು. ಎಲ್ಲರಿಗೂ ಕೊಡಬಹುದು ಅಂತ ನಾವು ನಂಬಿರೋ 'ಓ' ಗುಂಪಿನ ರಕ್ತವನ್ನೂ ಈ ಜನರ ದೇಹ ಒಪ್ಪಲ್ಲ. ಬಾಂಬೆ ರಕ್ತಗುಂಪು ಅಂತ ಹೆಸರಾದದ್ದು ಇದೇ. ವ್ಯತ್ಯಾಸ ಎಷ್ಟು ಅಂದ್ರೆ, ಕೆಂಪು ರಕ್ತಕಣದ ಮೇಲೆ ಫ್ಯೂಕೋಸ್ ಅನ್ನೋ ಒಂದು ಸಕ್ಕರೆ ಇಲ್ಲ, ಅಷ್ಟೇ. 1957ರಲ್ಲಿ ರಕ್ತಗುಂಪುಗಳ ಕೇಂದ್ರವಾಗಿ ಶುರುವಾದ ಸಂಸ್ಥೆ ಈಗ ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲಿ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಾಗಿದೆ. ರಕ್ತ ಹೆಪ್ಪುಗಟ್ಟದ ಕಾಯಿಲೆಗಳ ಕೆಲಸವೂ ಅಲ್ಲಿ ನಡೆಯುತ್ತೆ.

ಒಂದು ಸಕ್ಕರೆಯನ್ನ ಗುರುತಿಸೋ ದೇಹ ಹಸುವಿನ ಪ್ರೋಟೀನನ್ನ ಬಿಡುತ್ತಾ? ಬಹಳ ಕಾಲ ಸರ್ಜನ್‌ಗಳು ಹಸುವಿನ ರಕ್ತದಿಂದ ತೆಗೆದ ಥ್ರಾಂಬಿನ್ನನ್ನ ಗಾಯದ ಮೇಲೆ ಹಾಕ್ತಿದ್ದರು. ಅದರ ಜೊತೆ ಹಸುವಿನ ಫ್ಯಾಕ್ಟರ್ ಐದು ಅನ್ನೋ ಇನ್ನೊಂದು ಪ್ರೋಟೀನೂ ಸ್ವಲ್ಪ ಬರ್ತಿತ್ತು. ಕೆಲವರ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಿತು. ಆ ಪ್ರತಿಕಾಯಗಳಿಗೆ ಹಸುವಿನದ್ದು, ಮನುಷ್ಯನದ್ದು ಅನ್ನೋ ಭೇದ ಗೊತ್ತಾಗಲಿಲ್ಲ, ರೋಗಿಯ ಸ್ವಂತ ಫ್ಯಾಕ್ಟರ್ ಐದನ್ನೂ ಹೊಡೆದವು. 1990ರಲ್ಲಿ ಇಂಥ ಒಬ್ಬ ರೋಗಿಯ ವಿವರ ಪ್ರಕಟವಾಯಿತು. ರಕ್ತ ನಿಲ್ಲಿಸೋಕೆ ಹಾಕಿದ ಔಷಧಿಯಿಂದಲೇ ರಕ್ತಸ್ರಾವ! ಅಮೆರಿಕದಲ್ಲಿ ಆ ಔಷಧಿಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. 2007ರಲ್ಲಿ ಮನುಷ್ಯರ ರಕ್ತದಿಂದ ತೆಗೆದ ಥ್ರಾಂಬಿನ್‌ಗೆ, 2008ರಲ್ಲಿ ಜೀನ್ ತಂತ್ರಜ್ಞಾನದಿಂದ ಮಾಡಿದ್ದಕ್ಕೆ ಅಲ್ಲಿ ಅನುಮತಿ ಸಿಕ್ಕಿತು.

ಅಪ್ಪಯ್ಯ ಇದನ್ನೆಲ್ಲ ಕೇಳಿಸಿಕೊಂಡು ಕೇಳಿದ್ದು ಒಂದೇ: "ಅದ್ ಪ್ರಾಣಿದಾ?" ನಗಬೇಡಿ, ಇದು ನ್ಯಾಯವಾದ ಪ್ರಶ್ನೆ. ಜಿಲೆಟಿನ್ ಸ್ಪಂಜು ಸಾಮಾನ್ಯವಾಗಿ ಹಂದಿಯ ಚರ್ಮದಿಂದ ಬರುತ್ತೆ. ಕೊಲಾಜೆನ್ ಪ್ಯಾಚ್‌ಗಳು ಹಸುವಿನವು ಅಥವಾ ಕುದುರೆಯವು. ನಮ್ಮ ಬಿಲ್ಡಿಂಗಿನ ನಾಲ್ಕು ಮಹಡಿಯಲ್ಲಿ ಜೈನರು, ಮುಸ್ಲಿಮರು, ಹಿಂದೂಗಳು ಎಲ್ಲ ಇದ್ದಾರೆ, ಇದು ಬೇಡ ಅನ್ನೋಕೆ ಅವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ ಇರಬಹುದು. ಜೀವ ಉಳಿಯೋ ಪ್ರಶ್ನೆ ಬಂದಾಗ ಹೆಚ್ಚಿನವರು ಒಪ್ತಾರೆ ಅಂದುಕೊಳ್ತೇನೆ. ಆದರೂ ಸಹಿ ಹಾಕಿಸಿಕೊಳ್ಳುವಾಗ ಒಂದು ಮಾತು ಕೇಳಬೇಕಲ್ವಾ? ನಮ್ಮ ಹತ್ತಿರ ಯಾರೂ ಕೇಳಿರಲಿಲ್ಲ. ಅದೃಷ್ಟಕ್ಕೆ ಅಪ್ಪಯ್ಯನ ಹೊಟ್ಟೆಯಲ್ಲಿದ್ದದ್ದು ಸೆಲ್ಯುಲೋಸು, ಗಿಡದ್ದು. "ಹಂಗಾರ್ ಅಡ್ಡಿಲ್ಲ" ಅಂದರು.

ಜ್ವರಕ್ಕೆ ಕಾರಣ ಮೂತ್ರದ ಸೋಂಕು ಅಂತ ಆಮೇಲೆ ಗೊತ್ತಾಯಿತು, ಮಾತ್ರೆಯಲ್ಲೇ ಇಳಿಯಿತು. ಆರು ವಾರದ ನಂತರದ ಸ್ಕ್ಯಾನ್‌ನಲ್ಲಿ ಗಂಟು ಅರ್ಧಕ್ಕಿಂತ ಸಣ್ಣದಾಗಿತ್ತು, ಗುಳ್ಳೆಗಳು ಇರಲಿಲ್ಲ. ಆ ಫಿಲ್ಮ್ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ, ಡಿಸ್ಚಾರ್ಜ್ ಕಾಗದ ತಿದ್ದಿಕೊಡಿ ಅಂತ ಕೂತೆ. ಎರಡು ಗಂಟೆ ಕಾಯಿಸಿದರು. ಕೊನೆಗೆ ಸರ್ಜನ್ ತಾವೇ ಬಂದು ಪೆನ್ನಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರು: ಲಿವರ್ ಮೇಲೆ ಸೆಲ್ಯುಲೋಸ್ ಪ್ಯಾಚ್ ಬಿಡಲಾಗಿದೆ. ಕೆಳಗೆ ಆಪರೇಷನ್ ಆದ ತಾರೀಖು.