ಪೊಲೀಸ್ ನೇಮಕಾತಿ: ಬುದ್ಧಿಮತ್ತೆ ಮತ್ತು ವ್ಯಕ್ತಿತ್ವ ಪರೀಕ್ಷೆ ಎಂದರೇನು?

ಗೋವಾದ ಸಾಂಕೋಲೆ ಪಂಚಾಯತ್ ವ್ಯಾಪ್ತಿಯ ಜುವಾರಿನಗರದಲ್ಲಿ ಕರ್ನಾಟಕ ಮೂಲದ ಕುಟುಂಬಗಳು ಸಾಕಷ್ಟಿವೆ. ಅಲ್ಲಿ ಬೆಳೆದ ಮಕ್ಕಳಿಗೂ ಮಂಗಳೂರು, ಉಡುಪಿಯ ಬ್ಯಾರಿ ಯುವಕರಿಗೂ ಪೊಲೀಸ್ ಕೆಲಸದ ಬಗ್ಗೆ ಇರುವ ಸಂಶಯ ಒಂದೇ: ಓಟ, ಜಿಗಿತ ಸರಿ, ಆದರೆ ಬುದ್ಧಿಯನ್ನು, ಸ್ವಭಾವವನ್ನು ಹೇಗೆ ಅಳೆಯುತ್ತಾರೆ?

ಪರೀಕ್ಷೆ ಬಂದದ್ದು ಹೇಗೆ?

1916ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಹುದ್ದೆಗೆ ಬಂದ 30 ಮಂದಿಗೆ ಬುದ್ಧಿಮತ್ತೆ ಪರೀಕ್ಷೆ ನಡೆಸಿದರು. 1943ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ 'ಎಂಎಂಪಿಐ' ಎಂಬ ಪ್ರಶ್ನಾವಳಿ ಬಂತು. ಅಲ್ಲಿನ ಪೊಲೀಸ್ ಆಯ್ಕೆಯಲ್ಲಿ ಅದರ ಪರಿಷ್ಕೃತ ರೂಪಗಳು ಇಂದಿಗೂ ಬಳಕೆಯಲ್ಲಿವೆ. 'ನನ್ನಲ್ಲಿ ಸಣ್ಣ ತಪ್ಪೂ ಇಲ್ಲ' ಅಂತ ತೋರಿಸಿಕೊಳ್ಳುವವರನ್ನು ಗುರುತಿಸಲೆಂದೇ ಅದರಲ್ಲಿ ಪ್ರತ್ಯೇಕ ಪ್ರಶ್ನೆಗಳಿವೆ. ಹಾಗಾಗಿ ಇದಕ್ಕೆ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ.

ನಮ್ಮಲ್ಲಿ ಏನಿದೆ?

ನೇಮಕಾತಿಯಲ್ಲಿ ಮನೋವೈಜ್ಞಾನಿಕ ಪರೀಕ್ಷೆ ಇರಬೇಕೆಂದು ರಾಷ್ಟ್ರೀಯ ಪೊಲೀಸ್ ಆಯೋಗ (1977–81) ಶಿಫಾರಸು ಮಾಡಿತ್ತು. ಆದರೂ ಕರ್ನಾಟಕದ ಕಾನ್‌ಸ್ಟೇಬಲ್ ಆಯ್ಕೆಯಲ್ಲಿ ಪ್ರತ್ಯೇಕ ವ್ಯಕ್ತಿತ್ವ ಪರೀಕ್ಷೆ ಇಲ್ಲ. ಇರುವುದು 100 ಅಂಕಗಳ ವಸ್ತುನಿಷ್ಠ ಲಿಖಿತ ಪರೀಕ್ಷೆ. ಅವಧಿ 90 ನಿಮಿಷ, ಪ್ರತಿ ತಪ್ಪು ಉತ್ತರಕ್ಕೆ 0.25 ಅಂಕ ಕಡಿತ. ಸಾಮಾನ್ಯ ಜ್ಞಾನದ ಜೊತೆ ಸಂಖ್ಯಾ ಸರಣಿ, ದಿಕ್ಕು, ರಕ್ತಸಂಬಂಧದಂಥ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳೂ ಬರುತ್ತವೆ. ಪುರುಷರು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷದಲ್ಲಿ ಓಡಬೇಕು.

ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಎರಡು ಪತ್ರಿಕೆ: ಪ್ರಬಂಧ, ಅನುವಾದ, ಸಾರಾಂಶ ಬರವಣಿಗೆಯ 50 ಅಂಕದ ಮೊದಲ ಪತ್ರಿಕೆ ಮತ್ತು 150 ಅಂಕದ ವಸ್ತುನಿಷ್ಠ ಪತ್ರಿಕೆ. ಇನ್ನು ಗೋವಾ ಸರ್ಕಾರಿ ಹುದ್ದೆಗಳಿಗೆ ಸಾಮಾನ್ಯವಾಗಿ 15 ವರ್ಷಗಳ ವಾಸ ಪ್ರಮಾಣಪತ್ರ ಮತ್ತು ಕೊಂಕಣಿ ಜ್ಞಾನ ಬೇಕೇ ಬೇಕು. ಸಾಂಕೋಲೆಯ ಯುವಕರು ಈ ದಾಖಲೆಯನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ನಿಜವಾದ ವ್ಯಕ್ತಿತ್ವ ಪರೀಕ್ಷೆ

ವ್ಯಕ್ತಿತ್ವಕ್ಕೆ ಪ್ರತ್ಯೇಕ ಪತ್ರಿಕೆ ಇಲ್ಲದಿದ್ದರೂ ಪೂರ್ವಾಪರ ಪರಿಶೀಲನೆ ಇದ್ದೇ ಇದೆ. ತನ್ನ ಮೇಲೆ ಕೇಸ್ ಇತ್ತೇ ಎಂಬ ಪ್ರಶ್ನೆಗೆ ಅಭ್ಯರ್ಥಿ ನಿಜ ಬರೆಯಬೇಕು. ಅವತಾರ್ ಸಿಂಗ್ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಮಾಹಿತಿ ಸತ್ಯವಾಗಿರಬೇಕು, ಮುಚ್ಚಿಟ್ಟರೆ ನೇಮಕಾತಿ ರದ್ದಾಗಬಹುದು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ ನೇಮಕಾತಿ ಪ್ರಾಧಿಕಾರ ಅದನ್ನು ಮನ್ನಿಸಲೂ ಅವಕಾಶವಿದೆ. ಅಂದರೆ ಸಣ್ಣ ಕೇಸಿಗಿಂತ ಅದನ್ನು ಅಡಗಿಸಿದ ಸುಳ್ಳೇ ಹೆಚ್ಚು ಅಪಾಯ.

ದಲ್ಲಾಳಿಗಳ ವಿಷಯವೂ ಅಷ್ಟೇ. ಕರ್ನಾಟಕದ 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆ ಅಕ್ರಮದಿಂದಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಕೆಲವರು ಮಾಡಿದ ಮೋಸಕ್ಕೆ, ಕಷ್ಟಪಟ್ಟು ಓದಿದವರೂ ಎರಡು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು.

ಅಧಿಸೂಚನೆಯನ್ನು ಪೂರ್ತಿ ಓದಿ, ದಿನಾ ಸ್ವಲ್ಪ ಓಡಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ಅರ್ಧ ತಯಾರಿ ಮುಗಿದಂತೆ. ಉಳಿದರ್ಧ ಅರ್ಜಿಯಲ್ಲಿ ನಿಜವನ್ನೇ ಬರೆಯುವುದು.