ಗರ್ಭಿಣಿಯರ ವ್ಯಾಯಾಮ: ಹಿತ, ಮಿತಿ, ಎಚ್ಚರ

ಗರ್ಭಿಣಿಯನ್ನು ಕುರಿತು ನಮ್ಮ ಮನೆಗಳಲ್ಲಿ ಎರಡು ಮಾತುಗಳು ರೂಢಿಯಲ್ಲಿವೆ. ಆಕೆ ಅಲುಗಾಡದೆ ಮಲಗಿರಬೇಕೆಂಬುದು ಒಂದು. ಹೆರಿಗೆಯ ದಿನದವರೆಗೂ ಮೈಮುರಿದು ದುಡಿದರೆ ಹೆರಿಗೆ ಸುಲಭವಾಗುವುದೆಂಬುದು ಇನ್ನೊಂದು. ಇವೆರಡೂ ಅತಿಗಳೇ. ಆರೋಗ್ಯವಂತ ಗರ್ಭಿಣಿಗೆ ಹದವಾದ ಚಲನೆ ಬೇಕು, ಅದರೊಡನೆ ವಿಶ್ರಾಂತಿಯೂ ಬೇಕು.

ಎಷ್ಟು ಮಾಡಬೇಕು?

ತೊಡಕುಗಳಿಲ್ಲದ ಗರ್ಭಿಣಿಯರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಪ್ರಮಾಣದ ದೈಹಿಕ ಚಟುವಟಿಕೆ ಕೈಗೊಳ್ಳುವುದು ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ದಿನಕ್ಕೆ 30 ನಿಮಿಷದಂತೆ ಐದು ದಿನ ನಡೆದರೆ ಇಷ್ಟಾಗುತ್ತದೆ. ರೂಢಿಯಿಲ್ಲದವರು 10 ನಿಮಿಷದಿಂದ ಆರಂಭಿಸಿ ಮೆಲ್ಲನೆ ಹೆಚ್ಚಿಸಿಕೊಳ್ಳಬಹುದು. ನಡೆಯುತ್ತಲೇ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಏದುಸಿರಿನಿಂದ ಮಾತು ತುಂಡಾದರೆ ನಿಧಾನಿಸಬೇಕು. ಕ್ರಮಬದ್ಧ ಚಟುವಟಿಕೆಯಿಂದ ಗರ್ಭಕಾಲದ ಮಧುಮೇಹ ಹಾಗೂ ಮಿತಿಮೀರಿದ ತೂಕದ ಅಪಾಯ ತಗ್ಗುತ್ತದೆ.

ಪಾಲಿಸಬೇಕಾದ ಕ್ರಮ

ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ, ಜಾರದ ಪಾದರಕ್ಷೆ ಧರಿಸಿ, ಸಮತಟ್ಟಾದ ದಾರಿಯಲ್ಲಿ ನಡೆಯಬೇಕು. ಆಗಾಗ ನೀರು ಕುಡಿಯಬೇಕು. ಗರ್ಭ ಬೆಳೆದಂತೆ ಮೈಭಾರ ಮುಂದಕ್ಕೆ ಸರಿಯುವುದರಿಂದ ಆಯತಪ್ಪಿ ಬೀಳುವ ಸಂಭವವುಂಟು. ಮೂರು ತಿಂಗಳು ಕಳೆದ ಮೇಲೆ ಬಹಳ ಹೊತ್ತು ಅಂಗಾತ ಮಲಗಿ ಮಾಡುವ ವ್ಯಾಯಾಮ ಬೇಡ. ಗರ್ಭಕೋಶವು ದೊಡ್ಡ ರಕ್ತನಾಳವನ್ನು ಒತ್ತಿ ತಲೆಸುತ್ತು ಬರಬಹುದು. ಯೋಗಾಸನಗಳನ್ನು ಬಲ್ಲವರ ಸಮ್ಮುಖದಲ್ಲಿಯೇ ಮಾಡಬೇಕು, ಉಸಿರು ಬಿಗಿಹಿಡಿಯಬಾರದು. ತುಂಬಿದ ಕೊಡಗಳನ್ನು ಹೊರುವುದು ವ್ಯಾಯಾಮವಲ್ಲ, ದಣಿವು.

ಎಚ್ಚರಿಕೆ

ತೀವ್ರ ರಕ್ತಹೀನತೆ, ಅಧಿಕ ರಕ್ತದೊತ್ತಡ, ಹೃದ್ರೋಗ, ಅವಳಿ ಗರ್ಭ, ಮಾಸು ಕೆಳಗಿರುವುದು ಮುಂತಾದ ಸ್ಥಿತಿಗಳಲ್ಲಿ ವೈದ್ಯರ ಒಪ್ಪಿಗೆಯಿಲ್ಲದೆ ವ್ಯಾಯಾಮ ಆರಂಭಿಸಬಾರದು. ರಕ್ತಸ್ರಾವ, ನೀರು ಹೋಗುವುದು, ಎದೆನೋವು, ತಲೆಸುತ್ತು, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಮೀನಖಂಡದ ನೋವು ಅಥವಾ ಬಾವು ಕಂಡರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ತೆರಳಬೇಕು. ಮಗುವಿನ ಚಲನೆ ಕಡಿಮೆಯಾದರೂ ತಡಮಾಡಬಾರದು.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ತಾಯಿ ಕಾರ್ಡಿನೊಡನೆ ತೆರಳಿ, ತಮಗೆ ಯಾವ ವ್ಯಾಯಾಮ ಹಿತವೆಂದು ಅಲ್ಲಿಯೇ ಕೇಳಿ ತಿಳಿಯಬಹುದು.

ಕೊನೆಯದಾಗಿ, ಮನೆಯ ಹಿರಿಯರಲ್ಲಿ ಹಾಗೂ ಪತಿಯಂದಿರಲ್ಲಿ ನಮ್ಮದೊಂದು ವಿನಂತಿ. ಬಿಡುವಿಲ್ಲದ ಹೆಣ್ಣುಮಗಳಿಗೆ ಈ ತಿಳಿವಳಿಕೆಯಿಂದ ಪ್ರಯೋಜನವಿಲ್ಲ. ದಿನಕ್ಕೆ ಅರ್ಧ ಗಂಟೆ ಆಕೆಯ ಕೆಲಸವನ್ನು ತಾವು ವಹಿಸಿಕೊಳ್ಳಿರಿ. ಸಾಧ್ಯವಾದರೆ ಆಕೆಯ ಜೊತೆ ನಾಲ್ಕು ಹೆಜ್ಜೆ ನಡೆಯಿರಿ.