ತಗಡಿನ ಗೋದಾಮು ಮತ್ತು ಅದರ ನಿಜವಾದ ಲೆಕ್ಕ

ನಮ್ಮ ಸಂಘದ ಬೆಳ್ಳಿ ಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಗೊಬ್ಬರದ ಗೋದಾಮು. ಅದನ್ನು ಕಟ್ಟುವಾಗ ಚದರ ಅಡಿಗೆ ಯಾರ ದರ ಕಡಿಮೆಯೋ ಅವರ ಕೊಟೇಶನ್ನಿಗೆ ಕೈ ಎತ್ತಿದ ನಿರ್ದೇಶಕರಲ್ಲಿ ನಾನೂ ಒಬ್ಬ. ಆ ದರದಲ್ಲಿ ಕಂಬ, ಕೈಂಚಿ, ತಗಡು ಇಷ್ಟೇ ಇದ್ದವು. ಪಾಯಾ, ನೆಲ, ಸಾಗಾಣಿಕೆ, ಕ್ರೇನ್ ಬಾಡಿಗೆ, ತೆರಿಗೆ ಯಾವುದೂ ಇರಲಿಲ್ಲ. ನಮ್ಮದೋ ಎರೆ ಭೂಮಿ. ಗಟ್ಟಿ ನೆಲ ಸಿಗುವ ತನಕ ಅಗೆದು ಗರಸು ತುಂಬುವುದರಲ್ಲೇ ಕೈಯಲ್ಲಿದ್ದ ದುಡ್ಡು ಕರಗಿತು. ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ತಮ್ಮಾ, ತಗಡಿನ ರೇಟು ಕೇಳಿದಿ, ಮಣ್ಣಿನ ರೇಟು ಯಾರು ಕೇಳಬೇಕಿತ್ತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಕಬ್ಬಿಣದ ಕಟ್ಟಡಗಳ ಚರಿತ್ರೆ ಓದಿದೆ. ನಮಗಿಂತ ದೊಡ್ಡವರೂ ಇದೇ ಪಾಠ ಕಲಿತಿದ್ದಾರೆಂದು ತಿಳಿಯಿತು.

ನಾವು ದಿನಾಲು ನೋಡುವ ಅಲೆ ಅಲೆಯಾದ ತಗಡಿಗೆ 1829ರಲ್ಲಿ ಹೆನ್ರಿ ಪಾಮರ್ ಎಂಬ ಲಂಡನ್ನಿನ ಎಂಜಿನಿಯರ್ ಪೇಟೆಂಟ್ ಪಡೆದರು. ಚಪ್ಪಟೆ ತಗಡು ಬಾಗುತ್ತದೆ. ಅದನ್ನೇ ಮಡಿಕೆ ಮಾಡಿದರೆ ಭಾರ ತಡೆಯುತ್ತದೆ. ಆದ್ದರಿಂದ ಕೆಳಗಿನ ಆಧಾರ ಕಡಿಮೆ ಸಾಕು. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬುವರು ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ಪದ್ಧತಿಗೆ ಪೇಟೆಂಟ್ ಪಡೆದ ಮೇಲೆ ತುಕ್ಕಿನ ಕಾಟವೂ ಕಡಿಮೆಯಾಯಿತು.

ಆದರೆ ಖರ್ಚಿನ ಪಾಠ ಕಲಿಯಬೇಕಾದದ್ದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಿಂದ. 1851ರ ಮಹಾ ವಸ್ತುಪ್ರದರ್ಶನಕ್ಕೆ ಒಂದು ಕಟ್ಟಡ ಬೇಕಾಗಿತ್ತು. ಕಮಿಟಿಯವರು ಮೊದಲು ಮಾಡಿದ ನಕಾಶೆಗೆ ಕೋಟಿಗೂ ಹೆಚ್ಚು ಇಟ್ಟಿಗೆ ಬೇಕಿತ್ತು. ಆಗ ತೋಟಗಾರಿಕೆ ಕೆಲಸದಿಂದ ಮೇಲೆ ಬಂದ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನ ನಕಾಶೆ ಕೊಟ್ಟರು. ಎಲ್ಲವೂ 24 ಅಡಿಯ ಅಳತೆಗೆ ಹೊಂದುವಂಥವು. ಒಂದೇ ನಮೂನೆಯ ಕಂಬ, ತೊಲೆಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಜೋಡಿಸಿದ್ದರಿಂದ ಅಷ್ಟು ದೊಡ್ಡ ಕೆಲಸ ಒಂಬತ್ತು ತಿಂಗಳೊಳಗೆ ಮುಗಿಯಿತು. ಗುತ್ತಿಗೆ ಹಿಡಿದ ಫಾಕ್ಸ್ ಹೆಂಡರ್ಸನ್ ಕಂಪನಿಯ ಟೆಂಡರಿನಲ್ಲಿ ಎರಡು ದರ ಇದ್ದವು: ಕಟ್ಟಡ ಕಾಯಂ ಬೇಕಾದರೆ 1,50,000 ಪೌಂಡು, ಪ್ರದರ್ಶನ ಮುಗಿದ ಮೇಲೆ ಸಾಮಾನು ತಮಗೇ ಬಿಟ್ಟುಕೊಟ್ಟರೆ 79,800 ಪೌಂಡು. ಅಂದರೆ ಬಿಚ್ಚಿದ ಕಬ್ಬಿಣಕ್ಕೂ ಬೆಲೆ ಇದೆ ಅಂತಾಯಿತು. ಮಣ್ಣಿನ ಗೋಡೆ ಬಿದ್ದರೆ ಮಣ್ಣೇ, ಕಬ್ಬಿಣ ಹಾಗಲ್ಲ.

ಮುಂದಿನ ಕಥೆ ಬೇರೆ. ಅದೇ ಕಟ್ಟಡವನ್ನು 1852ರಲ್ಲಿ ಹೊಸ ಕಂಪನಿಯೊಂದು 70,000 ಪೌಂಡಿಗೆ ಕೊಂಡು, ಸಿಡನ್‌ಹ್ಯಾಮ್ ಎಂಬ ಗುಡ್ಡಕ್ಕೆ ಸಾಗಿಸಿ, ಇನ್ನೂ ದೊಡ್ಡದಾಗಿ ಕಟ್ಟಿತು. ಹಾಕಿಕೊಂಡಿದ್ದ ಬಂಡವಾಳ 5 ಲಕ್ಷ ಪೌಂಡು, ಕಡೆಗೆ ಆದ ಖರ್ಚು ಸುಮಾರು 13 ಲಕ್ಷ. ಇಳಿಜಾರು ನೆಲ, ಉದ್ಯಾನ, ಕಾರಂಜಿ, ನೀರಿನ ಗೋಪುರ ಅಂತ ಒಂದೊಂದೇ ಸೇರಿ ಹೋದವು. 1854ರಲ್ಲಿ ಪ್ರಾರಂಭವಾದ ಆ ಅರಮನೆ ಸಾಲದ ಹೊರೆಯಿಂದ ಹೊರಗೆ ಬರಲಿಲ್ಲ. 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಕಬ್ಬಿಣ ಸೋವಿಯಾಗಿಯೇ ಸಿಕ್ಕಿತ್ತು. ಅದರ ಕೆಳಗಿನದು, ಸುತ್ತಲಿನದು ದುಡ್ಡು ತಿಂದಿತು. ನಮ್ಮ ಗೋದಾಮಿನಲ್ಲಿ ಆದದ್ದೂ ಅದೇ ಅಲ್ಲವೇ?

ಅದೇ ಮಾದರಿಯಿಂದ ಪ್ರೇರಣೆ ಪಡೆದ ಗಾಜಿನ ಮನೆ ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿದೆ. ಫಲಪುಷ್ಪ ಪ್ರದರ್ಶನಕ್ಕೆ ಹೋದ ಸದಸ್ಯರು ನೋಡಿರುತ್ತೀರಿ. 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ಕಾಲಕಾಲಕ್ಕೆ ದುರಸ್ತಿ, ಬಣ್ಣ ಕಂಡಿದ್ದರಿಂದ ಇಂದಿಗೂ ನಿಂತಿದೆ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದರಲ್ಲೂ ರಸಗೊಬ್ಬರ ಇಡುವ ಗೋದಾಮಿನಲ್ಲಿ ಉಪ್ಪಿನಂಶ ಮತ್ತು ತೇವ ಸೇರಿದರೆ ತಗಡು ಬೇಗ ತುಕ್ಕು ಹಿಡಿಯುತ್ತದೆ. ಗಾಳಿ ಆಡುವ ಕಿಂಡಿ ಇಡುವುದು, ಚೀಲಗಳನ್ನು ಹಲಗೆ ಮೇಲೆ ಗೋಡೆಯಿಂದ ದೂರ ಒಟ್ಟುವುದು ಇದಕ್ಕೇ.

ಈಗ ಎರಡನೇ ಗೋದಾಮಿನ ಮಾತು ನಡೆದಿದೆ. ಈ ಸಲ ಚದರ ಅಡಿ ದರ ಒಂದನ್ನೇ ನೋಡಿ ಕೈ ಎತ್ತುವುದು ಬೇಡ. ಮೊದಲು ಮಣ್ಣು ಪರೀಕ್ಷೆ ಮಾಡಿಸೋಣ. ಕಬ್ಬಿಣ ಮಾರುವುದು ತೂಕದ ಮೇಲೆ; ಆದ್ದರಿಂದ ಒಟ್ಟು ಎಷ್ಟು ಕಿಲೋ, ತಗಡು ಎಷ್ಟು ದಪ್ಪ ಎಂದು ಬರೆಸಿಕೊಳ್ಳೋಣ. 1 ಮಿ.ಮೀ. ದಪ್ಪದ ಚಪ್ಪಟೆ ಉಕ್ಕಿನ ತಗಡು ಒಂದು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ, ಅರ್ಧ ಮಿ.ಮೀ. ಆದರೆ ಅದರರ್ಧ. ದರ ಕಡಿಮೆ ಅಂದರೆ ತಗಡೇ ತೆಳುವಾಗಿರಬಹುದು. ಪಾಯಾ, ನೆಲ, ಬಾಗಿಲು, ನೀರಿನ ದೋಣಿ, ಸಾಗಾಣಿಕೆ, ಜೋಡಣೆ, ತೆರಿಗೆ ಇವನ್ನೆಲ್ಲ ಒಂದೇ ಹಾಳೆಯಲ್ಲಿ ಕೇಳಿ, ಆ ಹಾಳೆಯನ್ನು ಮಹಾಸಭೆಯ ಮುಂದೆ ಓದೋಣ. ಅದು ಸದಸ್ಯರ ಷೇರಿನ ದುಡ್ಡು. ಆ ಹಿರಿಯರು ಈ ಸಲವೂ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಅವರು ಎದ್ದು ಕೇಳುವ ಮೊದಲೇ ಮಣ್ಣಿನ ರೇಟು ನಾನೇ ಓದಿ ಹೇಳುತ್ತೇನೆ.